ವೇಗ ಯಾರ ಕೈಲಿರಬೇಕು? ವಿಓ2 ಮ್ಯಾಕ್ಸ್ ಪರೀಕ್ಷೆಯ ಸುತ್ತ ವಿಜ್ಞಾನಿಗಳ ವಾದ

2025ರ ಆಗಸ್ಟ್‌ನಲ್ಲಿ ಕ್ರಿಕೆಟ್ ಸುದ್ದಿಗಳಲ್ಲಿ ಹೊಸದೊಂದು ಹೆಸರು ಓಡಾಡಿತು: ಬ್ರಾಂಕೊ ಟೆಸ್ಟ್. ರಗ್ಬಿ ಆಟಗಾರರಿಗೆ ಇಡುವ ಓಟದ ಪರೀಕ್ಷೆ ಇದು. ಭಾರತ ತಂಡದವರಿಗೂ ಇದನ್ನು ಇಡಲಾಗುತ್ತಿದೆ, ಬೆಂಗಳೂರಿನ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ ಕೆಲವರು ಓಡಿಯೂ ಆಗಿದೆ ಎಂದು ಪತ್ರಿಕೆಗಳು ಬರೆದವು. 20 ಮೀಟರ್ ಹೋಗಿ ಬರಬೇಕು, ಆಮೇಲೆ 40 ಮೀಟರ್ ಹೋಗಿ ಬರಬೇಕು, ಆಮೇಲೆ 60. ಇಷ್ಟಾದರೆ 240 ಮೀಟರಿನ ಒಂದು ಸುತ್ತು. ಹೀಗೆ ಐದು ಸುತ್ತು, ಮಧ್ಯೆ ನಿಲ್ಲುವಂತಿಲ್ಲ. ಒಟ್ಟು 1200 ಮೀಟರ್ ಎಷ್ಟು ಹೊತ್ತಲ್ಲಿ ಮುಗಿಸಿದಿರಿ ಅನ್ನುವುದೇ ಅಂಕ.

ಅದಕ್ಕೂ ಮೊದಲು ನಾವೆಲ್ಲ ಕೇಳಿದ್ದು ಯೋ-ಯೋ ಟೆಸ್ಟ್. 2017, 18ರಲ್ಲಿ ಅದರಲ್ಲಿ 16.1ರ ಮಟ್ಟ ದಾಟದೆ ದೊಡ್ಡ ದೊಡ್ಡ ಆಟಗಾರರೇ ತಂಡದಿಂದ ಹೊರಗುಳಿದರು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಹೋಗೋದು, ತಿರುಗೋದು, ಬರೋದು, ಏದುಸಿರು ಬಿಡೋದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಯೋ-ಯೋದಲ್ಲಿ ವೇಗ ನಿರ್ಧರಿಸುವುದು ಯಂತ್ರದ ಬೀಪ್ ಸದ್ದು. ಬೀಪ್ ಬರುವುದರೊಳಗೆ ಗೆರೆ ಮುಟ್ಟಬೇಕು, ಬೀಪ್‌ಗಳು ಬೇಗ ಬೇಗ ಬರುತ್ತಾ ಹೋಗುತ್ತವೆ, ಕೊನೆಗೊಮ್ಮೆ ನೀವು ಸೋಲುತ್ತೀರಿ. ಬ್ರಾಂಕೊದಲ್ಲಿ ಬೀಪ್ ಇಲ್ಲ. ಎಷ್ಟು ದೂರ ಅಂತ ಮೊದಲೇ ಗೊತ್ತು. ಮೊದಲ ಸುತ್ತಲ್ಲಿ ಜೋರಾಗಿ ಹೋಗಬೇಕಾ, ಕೊನೆಗೆ ಉಳಿಸಿಕೊಳ್ಳಬೇಕಾ ಅನ್ನುವುದು ಓಡುವವರ ಲೆಕ್ಕಾಚಾರ.

ಒಬ್ಬರ ದಮ್ಮು ಅಳೆಯಬೇಕಾದರೆ ವೇಗ ಯಂತ್ರದ ಕೈಲಿರಬೇಕಾ, ಅವರ ಕೈಲೇ ಇರಬೇಕಾ? ಮೈದಾನದಲ್ಲಿ ಇದು ಬರೀ ಅನುಕೂಲದ ಪ್ರಶ್ನೆ. ಪ್ರಯೋಗಾಲಯದಲ್ಲಿ ಮಾತ್ರ ಇದೇ ಪ್ರಶ್ನೆಗೆ ವ್ಯಾಯಾಮ ವಿಜ್ಞಾನಿಗಳು ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ವಾದ ಮಾಡುತ್ತಿದ್ದಾರೆ. ಅಲ್ಲಿ ಅಳೆಯುವ ವಸ್ತುವಿನ ಹೆಸರು ವಿಓ2 ಮ್ಯಾಕ್ಸ್. ಸ್ಮಾರ್ಟ್‌ವಾಚ್ ಕಟ್ಟಿಕೊಂಡವರಿಗೆ ಈ ಹೆಸರು ಪರಿಚಯವಿದ್ದೇ ಇರುತ್ತದೆ.

ಏನಿದು ವಿಓ2 ಮ್ಯಾಕ್ಸ್?

ನಮ್ಮ ದೇಹ ಒಂದು ನಿಮಿಷದಲ್ಲಿ ಅತಿ ಹೆಚ್ಚು ಅಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು? ಆ ಅಳತೆಯೇ ವಿಓ2 ಮ್ಯಾಕ್ಸ್. ಎಷ್ಟು ಗಾಳಿ ಎಳೆದುಕೊಂಡಿರಿ ಅನ್ನುವುದಲ್ಲ, ಎಳೆದ ಗಾಳಿಯಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು ಅನ್ನುವುದು ಮುಖ್ಯ.

ಅಳೆಯುವುದು ಹೇಗೆ ಅಂದರೆ, ಮುಖಕ್ಕೆ ಒಂದು ಮಾಸ್ಕ್ ಹಾಕುತ್ತಾರೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರರಲ್ಲಿ ಸುಮಾರು 21 ಪಾಲು. ಉಸಿರು ಬಿಟ್ಟಾಗ ಬರುವ ಗಾಳಿಯಲ್ಲಿ ಅದು ಸುಮಾರು 17ಕ್ಕೆ ಇಳಿದಿರುತ್ತದೆ. ಆ 4 ಪಾಲು ದೇಹಕ್ಕೆ ಹೋಯಿತು ಅಂತ ಲೆಕ್ಕ. ಜೋರಾಗಿ ಸೈಕಲ್ ತುಳಿಯುತ್ತಿರುವ ಒಬ್ಬರು ನಿಮಿಷಕ್ಕೆ 60 ಲೀಟರ್ ಗಾಳಿ ಉಸಿರಾಡುತ್ತಿದ್ದರೆ, ಅದರ ಶೇಕಡ 4 ಅಂದರೆ 2.4 ಲೀಟರ್ ಆಮ್ಲಜನಕ ಖರ್ಚಾಗುತ್ತಿದೆ. ಅವರ ತೂಕ 60 ಕೆಜಿ ಇದ್ದರೆ, ಪ್ರತಿ ಕೆಜಿಗೆ ನಿಮಿಷಕ್ಕೆ 40 ಮಿಲಿಲೀಟರ್. ವಾಚಿನಲ್ಲಿ ಕಾಣುವ 40, 45 ಅನ್ನುವ ಅಂಕಿ ಇದೇ.

ಸುಮ್ನೆ ಕೂತಿದ್ದಾಗ ಈ ಅಂಕಿ 3.5ರ ಆಸುಪಾಸಿನಲ್ಲಿರುತ್ತದೆ. ವಿಶೇಷ ತರಬೇತಿ ಇಲ್ಲದ ಯುವಕರಲ್ಲಿ ಗರಿಷ್ಠ ಮಟ್ಟ ಸಾಮಾನ್ಯವಾಗಿ 35ರಿಂದ 45. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಕಡಿಮೆ. ದೂರದ ಓಟ, ಸೈಕ್ಲಿಂಗ್, ಹಿಮದ ಮೇಲಿನ ಸ್ಕೀ ಓಟಗಳಲ್ಲಿ ಹೆಸರು ಮಾಡಿದವರದು 70ರಿಂದ 85. ವಯಸ್ಸಾದಂತೆ ಎಲ್ಲರದ್ದೂ ಇಳಿಯುತ್ತದೆ.

ಇದು ಕ್ರೀಡಾಪಟುಗಳಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. 2016ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೃದಯ ಮತ್ತು ಶ್ವಾಸಕೋಶದ ಈ ಸಾಮರ್ಥ್ಯವನ್ನು ಬಿಪಿ, ನಾಡಿಬಡಿತಗಳ ಹಾಗೆಯೇ ವೈದ್ಯರು ನೋಡಬೇಕು ಎಂದು ಹೇಳಿತು. ಈ ಅಂಕಿ ಕಡಿಮೆ ಇರುವವರಲ್ಲಿ ಹೃದ್ರೋಗದ, ಬೇಗ ಸಾಯುವ ಅಪಾಯ ಜಾಸ್ತಿ ಎಂದು ಅಧ್ಯಯನದ ಮೇಲೆ ಅಧ್ಯಯನ ತೋರಿಸಿದ್ದೇ ಅದಕ್ಕೆ ಕಾರಣ.

ಮಿತಿ ಹಾಕುವುದು ಯಾರು?

ಈ ವಾದ ಅರ್ಥವಾಗಬೇಕಾದರೆ ಒಂದು ಪ್ರಶ್ನೆಯನ್ನು ಮೊದಲು ಹಿಡಿದುಕೊಳ್ಳಬೇಕು. ಆಮ್ಲಜನಕದ ಬಳಕೆ ಒಂದು ಹಂತದಲ್ಲಿ ನಿಲ್ಲುವುದಾದರೂ ಯಾಕೆ?

ಬೋರ್‌ವೆಲ್ ಇರುವ ಹೊಲವೊಂದನ್ನು ನೆನೆಸಿಕೊಳ್ಳಿ. ಬೆಳೆಗೆ ಎಷ್ಟು ನೀರು ಸಿಕ್ಕಿತು ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ಮೋಟರು ಎಷ್ಟು ಎತ್ತಿ ಕೊಟ್ಟಿತು ಅನ್ನುವುದು ಒಂದು. ಹರಿದ ನೀರಲ್ಲಿ ಮಣ್ಣು, ಬೇರು ಎಷ್ಟು ಹೀರಿಕೊಂಡವು ಅನ್ನುವುದು ಇನ್ನೊಂದು. ದೇಹದಲ್ಲಿ ಮೋಟರು ಹೃದಯ, ಹೊಲ ಸ್ನಾಯುಗಳು. ಆಗಲೇ ಹೇಳಿದ 60 ಕೆಜಿಯವರನ್ನೇ ತೆಗೆದುಕೊಳ್ಳಿ. ಅವರ ಹೃದಯ ನಿಮಿಷಕ್ಕೆ 16 ಲೀಟರ್ ರಕ್ತ ತಳ್ಳುತ್ತಿದೆ, ಪ್ರತಿ ಲೀಟರಿನಿಂದ ದೇಹ 150 ಮಿಲಿಲೀಟರ್ ಆಮ್ಲಜನಕ ಹೀರುತ್ತಿದೆ ಅಂದುಕೊಳ್ಳಿ. 16ನ್ನು 150ರಿಂದ ಗುಣಿಸಿದರೆ ಅದೇ 2.4 ಲೀಟರ್ ಬರುತ್ತದೆ. ಅಡಾಲ್ಫ್ ಫಿಕ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲೇ ಕೊಟ್ಟ ಲೆಕ್ಕ ಇದು.

ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತೇನೆಂದರೆ, ಆರೋಗ್ಯವಂತರಲ್ಲಿ ಮುಖ್ಯ ಮಿತಿ ಮೋಟರಿನ ಕಡೆಯೇ ಇದೆ. ಅದಕ್ಕೆ ಪುರಾವೆಗಳೂ ಇವೆ. 1972ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಎಕ್‌ಬ್ಲೋಮ್ ತಂಡ ಕೆಲವರ ರಕ್ತವನ್ನು ತೆಗೆದಿಟ್ಟು, ವಾರಗಳ ನಂತರ ಕೆಂಪು ರಕ್ತಕಣಗಳನ್ನು ಅವರಿಗೇ ವಾಪಸ್ ಸೇರಿಸಿತು. ವಿಓ2 ಮ್ಯಾಕ್ಸ್ ಏರಿತು. ಸ್ನಾಯುಗಳಲ್ಲಿ ಏನೂ ಬದಲಾಗಿರಲಿಲ್ಲ, ಸರಬರಾಜು ಮಾತ್ರ ಹೆಚ್ಚಿತ್ತು. ಮುಂದೆ ಸೈಕಲ್ ರೇಸುಗಳಲ್ಲಿ ಕುಖ್ಯಾತವಾದ ಬ್ಲಡ್ ಡೋಪಿಂಗ್‌ನ ಹಿಂದಿರುವುದೂ ಇದೇ ತತ್ವ.

ಈ ಮಾತು ಪೂರ್ತಿ ನಿಜವಾದರೆ, ವೇಗ ಯಾರ ಕೈಲಿದ್ದರೂ ಕೊನೆಗೆ ಸಿಗುವ ಅಂಕಿ ಒಂದೇ ಆಗಿರಬೇಕು, ಅಲ್ವಾ? ಹೃದಯ ತಳ್ಳುವ ರಕ್ತಕ್ಕೆ ಒಂದು ಮೇಲ್ಮಿತಿ ಇದೆ ಅಂದಮೇಲೆ ಯಂತ್ರ ಓಡಿಸಿದರೇನು, ನೀವೇ ಓಡಿದರೇನು? ಇಡೀ ವಾದದ ಬೇರು ಇಲ್ಲಿದೆ.

ನೂರು ವರ್ಷದ ಹಳೇ ಪದ್ಧತಿ

ಆಮ್ಲಜನಕ ಬಳಕೆಗೆ ಗರಿಷ್ಠ ಮಿತಿಯೊಂದಿದೆ ಎಂಬ ವಿಚಾರ ಗಟ್ಟಿಯಾಗಿ ಮುಂದೆ ಬಂದದ್ದು 1923ರಲ್ಲಿ. ಇಂಗ್ಲೆಂಡಿನ ಎ. ವಿ. ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ ಅದನ್ನು ಬರೆದರು. ಹಿಲ್ ತಾವೇ ಪ್ರಯೋಗಕ್ಕೆ ಇಳಿದಿದ್ದರು. ಬೆನ್ನಿಗೆ ಗಾಳಿ ಹಿಡಿಯುವ ದೊಡ್ಡ ಚೀಲ ಕಟ್ಟಿಕೊಂಡು ಹುಲ್ಲಿನ ಟ್ರ್ಯಾಕಿನಲ್ಲಿ ಬೇರೆ ಬೇರೆ ವೇಗದಲ್ಲಿ ಓಡಿದರು. ಅವರ ಆಮ್ಲಜನಕ ಬಳಕೆ ನಿಮಿಷಕ್ಕೆ ಸುಮಾರು 4 ಲೀಟರ್ ಮುಟ್ಟಿತು. ಅದಕ್ಕಿಂತ ಜೋರಾಗಿ ಓಡಿದರೂ ಹೆಚ್ಚು ಬಳಸಲು ಆಗುವುದಿಲ್ಲ ಎಂದು ಅವರು ತೀರ್ಮಾನಿಸಿದರು.

1955ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಹೆನ್ರಿ ಟೇಲರ್ ಮತ್ತು ಜೊತೆಗಾರರು ಇದಕ್ಕೊಂದು ಅಳತೆಗೋಲು ಕೊಟ್ಟರು. ಟ್ರೆಡ್‌ಮಿಲ್‌ನ ಏರು ಹೆಚ್ಚಿಸಿದ ಮೇಲೂ ಆಮ್ಲಜನಕದ ಬಳಕೆ ನಿಮಿಷಕ್ಕೆ 150 ಮಿಲಿಲೀಟರಿನಷ್ಟೂ ಏರದೆ ಹೋದರೆ, ಗ್ರಾಫಿನ ಗೆರೆ ಚಪ್ಪಟೆಯಾಯಿತು ಅಂತ ಲೆಕ್ಕ. ಅಂದರೆ ಗರಿಷ್ಠ ಸಿಕ್ಕಿತು.

ಇವತ್ತಿಗೂ ಹೆಚ್ಚಿನ ಪ್ರಯೋಗಾಲಯಗಳಲ್ಲಿ ನಡೆಯುವುದು ಇದರ ಮಕ್ಕಳು ಮೊಮ್ಮಕ್ಕಳೇ. ಸೈಕಲ್ ಆದರೆ ಪೆಡಲಿನ ಭಾರ ನಿಮಿಷ ನಿಮಿಷಕ್ಕೂ ಏರುತ್ತದೆ. ಟ್ರೆಡ್‌ಮಿಲ್ ಆದರೆ ವೇಗವೋ ಏರೋ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಟಿಎಂಟಿ ಮಾಡಿಸಿಕೊಂಡವರಿಗೆ ಇದರ ರುಚಿ ಗೊತ್ತು. ಅಲ್ಲಿ ಸಾಮಾನ್ಯವಾಗಿ ಬಳಸುವುದು ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ 1960ರ ದಶಕದಲ್ಲಿ ರೂಪಿಸಿದ ಕ್ರಮ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡ 10ರ ಏರಿನಿಂದ ಶುರು. ಪ್ರತಿ 3 ನಿಮಿಷಕ್ಕೆ ಎರಡೂ ಏರುತ್ತವೆ. ಅಲ್ಲಿ ನೋಡುವುದು ಮುಖ್ಯವಾಗಿ ಇಸಿಜಿ. ಆದರೆ ಏರುವ ಕ್ರಮ ಇದೇ ಜಾತಿಯದು. ಇನ್ನಾಗಲ್ಲ ಅಂತ ನೀವು ಹೇಳುವವರೆಗೆ, ಇಲ್ಲವೇ ವೈದ್ಯರು ಸಾಕು ಅನ್ನುವವರೆಗೆ ಯಂತ್ರ ಬಿಡುವುದಿಲ್ಲ.

ಇದರ ಮೇಲಿನ ದೂರು ಏನು?

ಮೊದಲ ದೂರು: ಇದು ನಿಜವಾದ ಓಟದ ಹಾಗಿಲ್ಲ. ಜಗತ್ತಿನ ಯಾವ ರೇಸಿನಲ್ಲೂ ಮುಗಿಯುವ ಗೆರೆ ಎಲ್ಲಿದೆ ಅಂತ ಹೇಳದೆ ಓಡಿಸುವುದಿಲ್ಲ. ಮ್ಯಾರಥಾನ್ ಓಡುವವರು 42 ಕಿಲೋಮೀಟರನ್ನು ತಲೆಯಲ್ಲಿಟ್ಟುಕೊಂಡೇ ಮೊದಲ ಹೆಜ್ಜೆ ಇಡುತ್ತಾರೆ. ಹಳೇ ಪರೀಕ್ಷೆಯಲ್ಲಿ ಕೊನೆ ಎಲ್ಲಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ವೇಗದ ಮೇಲೆ ಹಿಡಿತವೂ ಇಲ್ಲ. ನಿಮಗೆ ಉಳಿದಿರುವ ಆಯ್ಕೆ ಎರಡೇ, ಮುಂದುವರಿಯುವುದು ಅಥವಾ ನಿಲ್ಲಿಸುವುದು.

ದಕ್ಷಿಣ ಆಫ್ರಿಕದ ಕೇಪ್ ಟೌನ್‌ನ ಟಿಮ್ ನೋಕ್ಸ್ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳಿದವರು. 1990ರ ದಶಕದಿಂದಲೇ ಅವರು ಹಳೇ ವಿಚಾರವನ್ನು ಪ್ರಶ್ನಿಸುತ್ತಾ ಬಂದಿದ್ದರು. ಹೃದಯ ಸೋಲುವ ಮೊದಲೇ ಮೆದುಳು ಬ್ರೇಕ್ ಹಾಕುತ್ತದೆ, ಸ್ನಾಯುಗಳನ್ನು ಪೂರ್ತಿ ಬಳಸಲು ಬಿಡುವುದೇ ಇಲ್ಲ ಎಂಬುದು ಅವರ ವಾದ. ಸೆಂಟ್ರಲ್ ಗವರ್ನರ್, ಅಂದರೆ ಕೇಂದ್ರ ನಿಯಂತ್ರಕ, ಅಂತ ಅದಕ್ಕೆ ಹೆಸರು. 2008ರ ಲೇಖನವೊಂದರಲ್ಲಂತೂ, ಈ ಪರೀಕ್ಷೆ ನಮಗೆ ಕೊಟ್ಟಿರುವುದು ಮೆದುಳೇ ಇಲ್ಲದ ಮನುಷ್ಯನ ಮಾದರಿ ಎಂದು ಚುಚ್ಚಿದರು. ತಮಾಷೆ ಏನೆಂದರೆ, ದೇಹದಲ್ಲಿ ಅಂಥ ಒಂದು ಗವರ್ನರ್ ಇರಬಹುದು ಎಂದು 1920ರ ದಶಕದಲ್ಲೇ ಊಹಿಸಿದ್ದು ಅದೇ ಹಿಲ್! ಹೃದಯಕ್ಕೆ ಆಮ್ಲಜನಕ ಕಡಿಮೆಯಾದಾಗ ಅದನ್ನು ಕಾಪಾಡುವ ವ್ಯವಸ್ಥೆ ಇದ್ದೀತು ಎಂದು ಅವರು ಬರೆದಿದ್ದರು.

ಎರಡನೇ ದೂರು ಇನ್ನೂ ಸರಳ. ಟೇಲರ್ ಹೇಳಿದ ಆ ಚಪ್ಪಟೆ ಗೆರೆ ಬಹಳ ಜನರಲ್ಲಿ ಕಾಣಿಸುವುದೇ ಇಲ್ಲ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ 71 ಮಂದಿ ಸೈಕಲ್ ತುಳಿದರು. ಗೆರೆ ಚಪ್ಪಟೆಯಾದದ್ದು ಶೇಕಡ 17ರಷ್ಟು ಜನರಲ್ಲಿ ಮಾತ್ರ. ಉಳಿದವರು ಗೆರೆ ಏರುತ್ತಿರುವಾಗಲೇ ಸುಸ್ತಾಗಿ ನಿಲ್ಲಿಸಿದ್ದರು. ಹಾಗಾದರೆ ಅವರಿಗೆ ಸಿಕ್ಕಿದ್ದು ಗರಿಷ್ಠವೋ, ಆವತ್ತಿನ ಮಟ್ಟಿಗೆ ಮುಟ್ಟಿದ ಎತ್ತರವೋ? ತಜ್ಞರು ಇವೆರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಮೊದಲನೆಯದು ವಿಓ2 ಮ್ಯಾಕ್ಸ್, ಎರಡನೆಯದು ವಿಓ2 ಪೀಕ್. ಈ ಭೇದ ಸಣ್ಣದಾಗಿ ಕಂಡರೂ ಮರೆಯಬೇಡಿ, ಮುಂದೆ ಇದೇ ದೊಡ್ಡದಾಗುತ್ತದೆ.

ಹತ್ತು ನಿಮಿಷದ ಹೊಸ ಪರೀಕ್ಷೆ

2012ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಲೆಕ್ಸ್ ಮಾಗರ್ ಮತ್ತು ನಿಕ್ ಸ್ಕಲ್‌ಥಾರ್ಪ್, ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಹೊಸದೊಂದು ಪರೀಕ್ಷೆಯನ್ನು ಮುಂದಿಟ್ಟರು. ಇದರಲ್ಲಿ ವೇಗ ತುಳಿಯುವವರ ಕೈಲಿ.

ಹಾಗಂತ ಮನಸ್ಸಿಗೆ ಬಂದ ಹಾಗೆ ತುಳಿಯುವಂತಿಲ್ಲ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಮಾಡಿಟ್ಟ ಒಂದು ಅಳತೆಪಟ್ಟಿ ಇದೆ. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು 6ರಿಂದ 20ರೊಳಗೆ ಹೇಳಬೇಕು. 6 ಅಂದರೆ ಏನೂ ಶ್ರಮವಿಲ್ಲ. 20 ಅಂದರೆ ಇನ್ನು ಸಾಧ್ಯವೇ ಇಲ್ಲ. 6ರಿಂದ ಯಾಕೆ ಶುರು ಅಂದರೆ, ಆ ಅಂಕಿಗೆ ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕರ ನಾಡಿಬಡಿತ ಸರಿಸುಮಾರು ಸಿಗುತ್ತದೆ, ಅದಕ್ಕೆ.

ಮಾಮೂಲಿ ಪರೀಕ್ಷೆಯಲ್ಲಿ ಯಂತ್ರ ಭಾರ ಕೊಡುತ್ತದೆ, ನೀವು ಕಷ್ಟ ಎಷ್ಟು ಅಂತ ಹೇಳುತ್ತೀರಿ. ಮಾಗರ್ ಇದನ್ನು ತಿರುಗಿಸಿದರು. ಕಷ್ಟ ಎಷ್ಟಿರಬೇಕು ಅಂತ ಅವರು ಹೇಳುತ್ತಾರೆ, ಭಾರವನ್ನು ನೀವು ಹೊಂದಿಸಿಕೊಳ್ಳುತ್ತೀರಿ. ಎರಡೆರಡು ನಿಮಿಷದ ಐದು ಹಂತ. ಮೊದಲ ಎರಡು ನಿಮಿಷ 11ರ ಮಟ್ಟದಲ್ಲಿ, ಅಂದರೆ ಹಗುರವಾಗಿ ತುಳಿಯಬೇಕು. ಆಮೇಲೆ 13, 15, 17. ಕೊನೆಯ ಎರಡು ನಿಮಿಷ 20, ಇದ್ದಬದ್ದ ಶಕ್ತಿಯೆಲ್ಲ ಹಾಕಬೇಕು. ಸರಿಯಾಗಿ 10 ನಿಮಿಷಕ್ಕೆ ಮುಗಿಯಿತು. ಕೊನೆ ಯಾವಾಗ ಅಂತ ಮೊದಲೇ ಗೊತ್ತಿರುವುದರಿಂದ ಶಕ್ತಿಯನ್ನು ಹಂಚಿಕೊಳ್ಳಬಹುದು.

ವಿಶೇಷ ತರಬೇತಿ ಇಲ್ಲದ 16 ಮಂದಿ ಎರಡೂ ಬಗೆಯ ಪರೀಕ್ಷೆ ಮಾಡಿದರು. ಹಳೇ ಪದ್ಧತಿಯಲ್ಲಿ ಸರಾಸರಿ 37 ಬಂತು. ಹೊಸದರಲ್ಲಿ 40. ಅಂದರೆ ಸುಮಾರು ಶೇಕಡ 8 ಹೆಚ್ಚು.

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಕೇಪ್ ಟೌನ್‌ನ ಫರ್ನಾಂಡೊ ಬೆಲ್ಟ್ರಾಮಿ ಮತ್ತು ಸಂಗಡಿಗರು ಇನ್ನೊಂದು ವಿಚಿತ್ರ ಪ್ರಯೋಗ ತೋರಿಸಿದರು. ಟ್ರೆಡ್‌ಮಿಲ್‌ನ ವೇಗವನ್ನು ಏರಿಸುವ ಬದಲು ಮೇಲಿನಿಂದ ಇಳಿಸುತ್ತಾ ಬಂದರು. ಅಲ್ಲೂ ಶೇಕಡ 4.4 ಹೆಚ್ಚು ಸಿಕ್ಕಿತು. ತೊಂಬತ್ತು ವರ್ಷದಿಂದ ಗರಿಷ್ಠ ಅಂತ ನಂಬಿಕೊಂಡು ಬಂದದ್ದು ಗರಿಷ್ಠವೇ ಅಲ್ಲವಾ? ಸಹಜವಾಗಿ ಗದ್ದಲ ಎದ್ದಿತು.

ಎದುರಾಳಿಗಳು ಏನಂದರು?

ಮೊದಲ ಆಕ್ಷೇಪ: ಹೋಲಿಸಿದ ಎರಡು ಪರೀಕ್ಷೆಗಳು ಒಂದೇ ಅಳತೆಯವಲ್ಲ. ಹೊಸದು 10 ನಿಮಿಷಕ್ಕೆ ಮುಗಿಯುತ್ತದೆ, ಹಳೆಯದು ಅದಕ್ಕಿಂತ ಉದ್ದ ಹೋಗಿತ್ತು. ಪರೀಕ್ಷೆ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದರಿಂದಲೇ ಅಂಕಿ ಬದಲಾಗುತ್ತದೆ ಎಂದು 1980ರ ದಶಕದಿಂದಲೂ ಗೊತ್ತು. ತೀರಾ ಎಳೆದರೆ ಗರಿಷ್ಠ ಮುಟ್ಟುವ ಮೊದಲೇ ಕಾಲು ಸೋಲುತ್ತದೆ. ಹಾಗಾಗಿ ಹೆಚ್ಚು ಬಂದದ್ದು ಸ್ವಂತ ವೇಗದಿಂದಲೋ, ಅವಧಿಯಿಂದಲೋ?

ಇಂಗ್ಲೆಂಡಿನದೇ ಎಕ್ಸೆಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಜೋನ್ಸ್ ಅವರ ತಂಡ ಇದನ್ನು ಪರೀಕ್ಷಿಸಲು ಹೊರಟಿತು. ಈ ಜೋನ್ಸ್ ಮ್ಯಾರಥಾನ್ ದಾಖಲೆಯ ಪೌಲಾ ರಾಡ್‌ಕ್ಲಿಫ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ತಂಡ 2013ರಲ್ಲಿ ಪ್ರಕಟಿಸಿದ ಫಲಿತಾಂಶ ನೇರವಾಗಿತ್ತು: ಸ್ವಂತ ವೇಗದಲ್ಲಿ ತುಳಿದರೂ, ಯಂತ್ರದ ವೇಗದಲ್ಲಿ ತುಳಿದರೂ ವಿಓ2 ಮ್ಯಾಕ್ಸ್ ಒಂದೇ. 2014ರಲ್ಲಿ ತರಬೇತಿ ಪಡೆದ ಸೈಕ್ಲಿಸ್ಟ್‌ಗಳ ಮೇಲೆ ನಡೆದ ಅಧ್ಯಯನದಲ್ಲೂ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಕತೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಅಮೆರಿಕದ ಟಾಡ್ ಅಸ್ಟೋರಿನೊ ತಂಡ, ಸ್ವಂತ ವೇಗದಲ್ಲಿ ತುಳಿದವರಿಗೆ ಹೆಚ್ಚು ಬಂತು ಎಂದಿತು. ಆ ಹೊತ್ತಿನಲ್ಲಿ ಅವರ ಹೃದಯ ತಳ್ಳುತ್ತಿದ್ದ ರಕ್ತದ ಪ್ರಮಾಣವೂ ಹೆಚ್ಚಿತ್ತು ಎಂದು ಸೇರಿಸಿತು. ಹೊಲದ ಕಡೆಯಲ್ಲ, ಮೋಟರಿನ ಕಡೆಯೇ ಏರಿಕೆಯಾಗಿತ್ತು ಅಂತಾಯಿತು. ಮಾಗರ್ ತಮ್ಮ ಮೊದಲ ವಿವರಣೆಯಲ್ಲಿ ಒತ್ತು ಕೊಟ್ಟದ್ದು ಬೇರೆ ಕಡೆಗೆ: ಅಷ್ಟೇ ಕಷ್ಟದ ಅನುಭವಕ್ಕೆ ಜನ ಹೆಚ್ಚು ಕೆಲಸ ಮಾಡಬಲ್ಲವರಾಗಿದ್ದರು ಎಂಬುದರ ಕಡೆಗೆ.

ಈ ಅಧ್ಯಯನಗಳನ್ನೆಲ್ಲ ಸಾಲಾಗಿಟ್ಟು ನೋಡುವಾಗ ಒಂದು ಮಾತು ನೆನಪಿಡಬೇಕು. ಪ್ರತಿಯೊಂದರಲ್ಲೂ ಇರುವವರು ಬೆರಳೆಣಿಕೆಯ ಜನ. ಒಬ್ಬರನ್ನೇ ಎರಡು ಬೇರೆ ದಿನ ಅದೇ ಯಂತ್ರದಲ್ಲಿ ಅಳೆದರೂ ಅಂಕಿ ಶೇಕಡ ಮೂರೋ ಐದೋ ಆಚೀಚೆ ಆಗುತ್ತದೆ. ಆ ಅಲ್ಲಾಟದ ನಡುವೆ ಇಷ್ಟೇ ಗಾತ್ರದ ವ್ಯತ್ಯಾಸವೊಂದನ್ನು ಹುಡುಕುವುದು ಸುಲಭದ ಕೆಲಸವಲ್ಲ.

ಟ್ರೆಡ್‌ಮಿಲ್ ತಂದ ತೊಡಕು

ಸೈಕಲಿನಲ್ಲಿ ವೇಗವನ್ನು ತುಳಿಯುವವರಿಗೆ ಬಿಟ್ಟುಕೊಡುವುದು ಸಲೀಸು. ಜೋರಾಗಿ ತುಳಿದರೆ ಹೆಚ್ಚು ಕೆಲಸ, ಅಷ್ಟೇ. ಟ್ರೆಡ್‌ಮಿಲ್‌ನಲ್ಲಿ ಹೇಗೆ? ಬೆಲ್ಟು ಓಡುವುದು ಕರೆಂಟಿನಿಂದ. ಏದುಸಿರು ಬಿಡುತ್ತಾ, ಮಾಸ್ಕ್ ಹಾಕಿಕೊಂಡು, ಕೈ ಚಾಚಿ ಬಟನ್ ಒತ್ತುತ್ತಾ ವೇಗ ಬದಲಿಸುವುದು ಸ್ವಂತ ವೇಗ ಅನ್ನಿಸಿಕೊಳ್ಳುತ್ತದಾ?

ಮಾಗರ್ ತಂಡ 2013ರಲ್ಲಿ ಓಟಗಾರರನ್ನು ಮೋಟರಿಲ್ಲದ ಟ್ರೆಡ್‌ಮಿಲ್ ಮೇಲೆ ಓಡಿಸಿತು. ಅದರಲ್ಲಿ ಬೆಲ್ಟನ್ನು ಕಾಲಿನಿಂದಲೇ ತಳ್ಳಬೇಕು. ಆಗಲೂ ಹೊಸ ಪರೀಕ್ಷೆಯಲ್ಲೇ ಹೆಚ್ಚು ಬಂತು. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಪೂಲ್ ಇದಕ್ಕೆ ಖಾರವಾಗಿ ಉತ್ತರ ಬರೆದರು. ಆಕ್ಷೇಪಕ್ಕೆ ಕಾರಣ ಇಲ್ಲದಿರಲಿಲ್ಲ. ಹಳೇ ಪರೀಕ್ಷೆ ನಡೆದದ್ದು ಮೋಟರಿರುವ ಯಂತ್ರದಲ್ಲಿ, ಹೊಸದು ಮೋಟರಿಲ್ಲದ್ದರಲ್ಲಿ. ಬೆಲ್ಟನ್ನು ಕಾಲಿನಿಂದ ತಳ್ಳುವಾಗ ಹೆಚ್ಚು ಸ್ನಾಯುಗಳು ಕೆಲಸಕ್ಕೆ ಇಳಿಯುತ್ತವೆ. ಯಂತ್ರವೇ ಬೇರೆಯಾದಾಗ ವ್ಯತ್ಯಾಸವನ್ನು ಯಾವುದರ ಲೆಕ್ಕಕ್ಕೆ ಬರೆಯುವುದು?

2015ರಲ್ಲಿ ಇನ್ನೊಂದು ಉಪಾಯ ಬಂತು. ಓಟಗಾರ ಬೆಲ್ಟಿನ ಮೇಲೆ ಎಲ್ಲಿದ್ದಾನೆ ಅಂತ ಸೋನಾರ್ ಅಲೆಗಳಿಂದ ಗ್ರಹಿಸುವ ಟ್ರೆಡ್‌ಮಿಲ್ ಅದು. ಮುಂದೆ ಬಂದರೆ ಬೆಲ್ಟು ತಾನೇ ಜೋರಾಗುತ್ತದೆ, ಹಿಂದೆ ಸರಿದರೆ ನಿಧಾನವಾಗುತ್ತದೆ. ರಸ್ತೆಯಲ್ಲಿ ಓಡಿದ ಹಾಗೇ. ಅಮೆರಿಕದ ಷೆಡ್ಲರ್ ಮತ್ತು ಡಿವೋರ್ ಇದನ್ನು ಬಳಸಿದಾಗ ಬಂದ ಫಲಿತಾಂಶ ಎರಡೂ ಪಕ್ಷದವರನ್ನು ಬೆರಗುಗೊಳಿಸುವಂಥದ್ದು. ಸ್ವಂತ ವೇಗದಲ್ಲಿ ಅಂಕಿ ಹೆಚ್ಚಲಿಲ್ಲ, ಸಮವೂ ಬರಲಿಲ್ಲ. ಕಡಿಮೆ ಬಂತು.

ಹಾಗಾದರೆ ಹೆಚ್ಚು ಬಂದದ್ದು ಎಲ್ಲಿಂದ?

ನನಗೆ ಕಂಡ ಹಾಗೆ ಇಡೀ ವಾದದ ಗಂಟು ಇಲ್ಲಿದೆ. ಮ್ಯಾಕ್ಸ್, ಪೀಕ್ ಎಂಬ ಭೇದ ಆಗಲೇ ಬಂತಲ್ಲ. ತರಬೇತಿ ಇಲ್ಲದವರು ಸೈಕಲ್ ತುಳಿಯುವಾಗ ಹೃದಯ ಇನ್ನೂ ಕೊಡಲು ತಯಾರಿರುತ್ತದೆ, ತೊಡೆ ಉರಿಯತೊಡಗಿ ಅವರು ನಿಲ್ಲಿಸಿಬಿಡುತ್ತಾರೆ. ಆಗ ಸಿಕ್ಕಿದ 37, ಮಾಡಿನ ಎತ್ತರವಲ್ಲ. ಅವರು ಹತ್ತಿದ ಕೊನೆಯ ಮೆಟ್ಟಿಲು ಮಾತ್ರ. ಕೊನೆ ಗೊತ್ತಿರುವ 10 ನಿಮಿಷದ ಪರೀಕ್ಷೆಯಲ್ಲಿ, ಇನ್ನೆರಡೇ ನಿಮಿಷ ಅಂತ ತಿಳಿದಾಗ ಅದೇ ವ್ಯಕ್ತಿ ಇನ್ನಷ್ಟು ಮೇಲೆ ಹೋಗಬಹುದು. ಹೀಗೆ ನೋಡಿದರೆ ಸ್ವಂತ ವೇಗ ಮಿತಿಯನ್ನು ಎತ್ತರಿಸಲಿಲ್ಲ, ಮಿತಿಯ ಹತ್ತಿರಕ್ಕೆ ಕರೆದೊಯ್ದಿತು. ಚೆನ್ನಾಗಿ ಪಳಗಿದವರು ಎರಡೂ ರೀತಿಯಲ್ಲಿ ಮಿತಿ ಮುಟ್ಟುತ್ತಾರೆ. ಹಾಗಾಗಿ ಅವರಲ್ಲಿ ವ್ಯತ್ಯಾಸ ಕಾಣುವುದು ಅಪರೂಪ. ಎಲ್ಲ ಅಧ್ಯಯನಗಳೂ ಈ ವಿವರಣೆಗೆ ಸರಿಯಾಗಿ ಕೂರುವುದಿಲ್ಲ ನಿಜ, ಓಟಗಾರರಲ್ಲೂ ಹೆಚ್ಚು ಬಂದ ಉದಾಹರಣೆ ಮೇಲೆಯೇ ಇದೆ. ಆದರೂ ಬಹುಪಾಲು ಫಲಿತಾಂಶಗಳು ಇದರೊಳಗೆ ಹಿಡಿಯುತ್ತವೆ.

ಇದನ್ನು ಪರೀಕ್ಷಿಸಲು ದಾರಿಯೂ ಇದೆ. ಹಳೇ ಪರೀಕ್ಷೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟು, ಮುಟ್ಟಿದ ಭಾರಕ್ಕಿಂತ ಸ್ವಲ್ಪ ಹೆಚ್ಚಿನ ಭಾರದಲ್ಲಿ ಇನ್ನೊಮ್ಮೆ ತುಳಿಸುವುದು. ಇದಕ್ಕೆ ಖಾತ್ರಿ ಸುತ್ತು ಅನ್ನಬಹುದು. ಭಾರ ಹೆಚ್ಚಿದರೂ ಆಮ್ಲಜನಕದ ಅಂಕಿ ಅಲ್ಲೇ ನಿಂತರೆ ಅದು ನಿಜವಾದ ಗರಿಷ್ಠ. ಏರಿದರೆ ಮೊದಲ ಸಲ ಸಿಕ್ಕಿದ್ದು ಬರೀ ಪೀಕ್. 2017ರಲ್ಲಿ ಪೂಲ್ ಮತ್ತು ಜೋನ್ಸ್ ಜೊತೆಯಾಗಿ ಒಂದು ಲೇಖನ ಬರೆದು, ಇನ್ನು ಮುಂದೆ ಪೀಕ್ ಅಂತ ಹೇಳಿ ಕೈತೊಳೆದುಕೊಳ್ಳುವುದನ್ನು ಒಪ್ಪಲಾಗದು, ಖಾತ್ರಿ ಸುತ್ತು ಮಾಡಿಯೇ ತೀರಬೇಕು ಎಂದು ಪಟ್ಟು ಹಿಡಿದರು. 2003ರ ಆ 71 ಮಂದಿಯ ಅಧ್ಯಯನದಲ್ಲೂ ಕೆಲವರಿಗೆ ಬೇರೆ ದಿನಗಳಲ್ಲಿ ಒಂದೇ ಭಾರದ ಪರೀಕ್ಷೆಗಳನ್ನು ಕೊಟ್ಟು ನೋಡಿದ್ದರು. ಚಪ್ಪಟೆ ಗೆರೆ ಕಾಣಿಸದಿದ್ದರೂ ಮೊದಲು ಸಿಕ್ಕಿದ್ದ ಅಂಕಿ ಬಹುತೇಕ ನಿಜವಾದ ಗರಿಷ್ಠವೇ ಆಗಿತ್ತು ಎಂದು ಅದರಿಂದ ತಿಳಿಯಿತು.

ಮೆದುಳಿನ ಪಾತ್ರದ ಬಗ್ಗೆ ನೋಕ್ಸ್ ಎತ್ತಿದ ಪ್ರಶ್ನೆ ಮಾತ್ರ ಇದರಿಂದ ಬಗೆಹರಿಯುವುದಿಲ್ಲ. ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನಿಸುವುದು ಮೆದುಳೇ, ಅದರಲ್ಲಿ ಅನುಮಾನವಿಲ್ಲ. ನಿಲ್ಲಿಸುವ ಹೊತ್ತಿಗೆ ಹೃದಯದ ಮಿತಿಯೂ ಮುಟ್ಟಿತ್ತಾ ಇಲ್ಲವಾ ಅನ್ನುವುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಕಲಸಿದ್ದರಿಂದ ಸಾಕಷ್ಟು ಶಾಯಿ ಸುಮ್ನೆ ಖರ್ಚಾಗಿದೆ.

ಹೊಸ ಪರೀಕ್ಷೆಯಿಂದ ಉಪಯೋಗವೇನು?

ಅಂಕಿ ಹೆಚ್ಚು ಬರದಿದ್ದರೂ ಅದರ ಅನುಕೂಲಗಳು ಹಾಗೇ ಉಳಿಯುತ್ತವೆ. ಎಲ್ಲರಿಗೂ 10 ನಿಮಿಷ. ಯಾರಿಗೆ ಎಷ್ಟು ಭಾರದಿಂದ ಶುರು ಮಾಡಬೇಕು ಅಂತ ಮೊದಲೇ ಊಹಿಸಬೇಕಿಲ್ಲ. ಹಳೇ ಪದ್ಧತಿಯಲ್ಲಿ ಆ ಊಹೆ ತಪ್ಪಿದರೆ ಪರೀಕ್ಷೆ ನಾಲ್ಕೇ ನಿಮಿಷಕ್ಕೆ ಮುಗಿದುಬಿಡಬಹುದು, ಅಥವಾ ಇಪ್ಪತ್ತು ನಿಮಿಷ ಎಳೆಯಬಹುದು.

ಕೊರತೆಗಳೂ ಇವೆ. 13ಕ್ಕೂ 15ಕ್ಕೂ ಇರುವ ವ್ಯತ್ಯಾಸ ಮೈಗೆ ಗೊತ್ತಾಗಬೇಕಾದರೆ ಸ್ವಲ್ಪ ಅಭ್ಯಾಸ ಬೇಕು. ಮೊದಲ ಸಲ ಮಾಡುವವರು ಶುರುವಿನಲ್ಲೇ ಜೋರಾಗಿ ಹೋಗಿ ಕೊನೆಯ ಹಂತಕ್ಕೆ ಏನೂ ಉಳಿಸಿಕೊಳ್ಳದೆ ಹೋಗಬಹುದು. ತರಬೇತುದಾರರಿಗೆ ಇನ್ನೊಂದು ತೊಂದರೆ. ಭಾರ ಒಂದೇ ಸಮನೆ ಏರಿದರೆ ಯಾವ ವೇಗದಲ್ಲಿ ಉಸಿರಾಟದ ರೀತಿ ಬದಲಾಯಿತು, ಎಲ್ಲಿಂದಾಚೆ ಬೇಗ ಸುಸ್ತಾಗುತ್ತದೆ ಅಂತ ಗುರುತು ಹಾಕಿಕೊಳ್ಳಬಹುದು. ತರಬೇತಿಯ ವೇಗಗಳನ್ನು ನಿರ್ಧರಿಸುವುದು ಅದರ ಮೇಲೆಯೇ. ಸ್ವಂತ ವೇಗದಲ್ಲಿ ಭಾರ ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಆಡುವುದರಿಂದ ಆ ಗುರುತುಗಳು ಮಸುಕಾಗುತ್ತವೆ.

ಮಾಸ್ಕ್ ಇಲ್ಲದ ಸ್ವಂತ ವೇಗದ ಓಟ ಹೊಸದೇನಲ್ಲ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲೇ 12 ನಿಮಿಷದ ಓಟದಿಂದ ವಿಓ2 ಮ್ಯಾಕ್ಸ್ ಅಂದಾಜು ಮಾಡುವ ದಾರಿ ತೋರಿಸಿದ್ದರು. ನಿಮ್ಮ ವಾಚ್ ಕೂಡ ಅಂದಾಜನ್ನೇ ಹೇಳುತ್ತದೆ. ಓಡಿದ ವೇಗಕ್ಕೆ ನಾಡಿಬಡಿತ ಎಷ್ಟಿತ್ತು ಅಂತ ನೋಡಿ ಒಂದು ಸೂತ್ರಕ್ಕೆ ಹಾಕುತ್ತದೆ, ಆಮ್ಲಜನಕವನ್ನು ಅದು ಅಳೆಯುವುದೇ ಇಲ್ಲ. ಹಾಗಾಗಿ ಒಂದು ಸೆಖೆಯ ದಿನ 42 ಇದ್ದದ್ದು 40 ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಿಂಗಳುಗಟ್ಟಲೆ ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೋಡಿದರೆ ಸಾಕು.

ಆಸ್ಪತ್ರೆಯವರು ಯಾಕೆ ಅವಸರ ಮಾಡುತ್ತಿಲ್ಲ?

37 ಮತ್ತು 40ರ ನಡುವಿನ ಮೂರು ಅಂಕಿ ಆರೋಗ್ಯವಂತರಿಗೆ ದೊಡ್ಡದಲ್ಲ. ಹೃದಯ ವೈಫಲ್ಯದ ರೋಗಿಗೆ ಹಾಗಲ್ಲ. 1991ರಲ್ಲಿ ಅಮೆರಿಕದ ವೈದ್ಯೆ ಡಾನಾ ಮಾನ್ಸಿನಿ ಮತ್ತು ಜೊತೆಗಾರರು, ಈ ಅಂಕಿ 14ಕ್ಕಿಂತ ಮೇಲಿರುವ ರೋಗಿಗಳಿಗೆ ಹೃದಯ ಕಸಿಯನ್ನು ಮುಂದೂಡಬಹುದು ಎಂದು ತೋರಿಸಿದರು. ಆಮೇಲೆ ಬಂದ ಔಷಧಿಗಳಿಂದಾಗಿ ಆ ಗೆರೆ ಸ್ವಲ್ಪ ಕೆಳಗೆ ಸರಿದಿದೆ. ಆದರೆ ಅಂಥ ಗೆರೆಗಳನ್ನು ಇವತ್ತೂ ನೋಡುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ತಡೆದುಕೊಳ್ಳಬಲ್ಲರಾ ಅಂತ ನೋಡಲೂ ಇಂಥ ಪರೀಕ್ಷೆ ಮಾಡುತ್ತಾರೆ.

ಈ ಗೆರೆಗಳೆಲ್ಲ ಬಂದದ್ದು ಭಾರ ಮೆಲ್ಲಗೆ ಏರುವ ಹಳೇ ಪರೀಕ್ಷೆಗಳಿಂದ. ಬೇರೆ ಪರೀಕ್ಷೆಯಲ್ಲಿ ಅದೇ ರೋಗಿಗೆ ಒಂದು ಅಂಕಿ ಹೆಚ್ಚು ಬಂದರೂ ಅವರು ಗೆರೆಯ ಈಚೆಯಿಂದ ಆಚೆಗೆ ಹೋಗಬಹುದು. ಪರೀಕ್ಷೆ ಬದಲಿಸಬೇಕಾದರೆ ಗೆರೆಗಳನ್ನೂ ಹೊಸದಾಗಿ ಎಳೆಯಬೇಕು, ಅದಕ್ಕೆ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಬೇಕು. ಜೊತೆಗೆ, ಕೊನೆಯ ಎರಡು ನಿಮಿಷ ಪ್ರಾಣ ಪಣಕ್ಕಿಟ್ಟು ತುಳಿಯಿರಿ ಎಂದು ದುರ್ಬಲ ಹೃದಯದವರಿಗೆ ಹೇಳುವ ಮೊದಲು ಯಾವ ವೈದ್ಯರೂ ಎರಡು ಸಲ ಯೋಚಿಸುತ್ತಾರೆ. ಭಾರ ಮೆಲ್ಲಗೆ ಏರುತ್ತಿದ್ದರೆ ಇಸಿಜಿಯಲ್ಲಿ ಏರುಪೇರು ಕಂಡ ಕೂಡಲೇ ನಿಲ್ಲಿಸಬಹುದು. ಹಾಗಾಗಿ ಟಿಎಂಟಿ ಕೋಣೆಯಲ್ಲಿ ವೇಗದ ಗುಂಡಿ ಸದ್ಯಕ್ಕೆ ಯಂತ್ರದ ಪಕ್ಕ ನಿಂತವರ ಕೈಲೇ ಇದೆ.